ರೊಸ್ವಿತಾಳ ಹೆಬ್ಬೆರಳು

ಫೆಬ್ರವರಿ 6, 2011, ಭಾನುವಾರ

ಮತ್ತೆ ಅದೇ ಕನಸು. ಕಾರ್ಖಾನೆಯ ಟ್ಯೂನಿಂಗ್ ಹಾಲ್‌ನಲ್ಲಿ ನನ್ನ ಹಳೆಯ ಸ್ಟೂಲಿನ ಮೇಲೆ ಕೂತಿದ್ದೇನೆ. ಬೆಲ್ಟ್ ಓಡುತ್ತಿದೆ, ಒಂದರ ಹಿಂದೊಂದು ರೇಡಿಯೊ ಬರುತ್ತಿದೆ, ಆದರೆ ಯಾವುದರ ಒಳಗೂ ಏನೂ ಇಲ್ಲ. ವಾಲ್ವಿಲ್ಲ, ತಂತಿಯಿಲ್ಲ, ಬರೀ ಮರದ ಪೆಟ್ಟಿಗೆ. ನಾನು ಸ್ಕ್ರೂಡ್ರೈವರ್ ಹಿಡಿದು ಗಾಳಿಯನ್ನೇ ತಿರುಗಿಸುತ್ತಿದ್ದೇನೆ. ಮೇಸ್ತ್ರಿ ಗಡಿಯಾರ ನೋಡುತ್ತ ಬೆನ್ನ ಹಿಂದೆ ನಿಂತಿದ್ದಾನೆ. ಎದ್ದಾಗ ಬಲಗೈಯ ಮುಷ್ಟಿ ಬಿಚ್ಚಲು ಹೊತ್ತು ಹಿಡಿಯಿತು.

ರೌಟನ್‌ಫೆಲ್ಡ್ ರೇಡಿಯೊ ಕಾರ್ಖಾನೆ ಮುಚ್ಚಿ ಇಪ್ಪತ್ತೊಂಬತ್ತು ವರ್ಷವಾಯಿತು. ಹಾಲ್ ಇದ್ದ ಜಾಗದಲ್ಲಿ ಈಗ ಅಂಗಡಿಯವರ ಕಾರುಗಳು ನಿಲ್ಲುತ್ತವೆ. ನನ್ನ ಕೈ ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ. ಚಿಂತೆಯನ್ನೆಲ್ಲ ಪುಸ್ತಕಕ್ಕೆ ಬರೆದು ಮುಚ್ಚಿಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ತಪ್ಪು ಎಷ್ಟಿದ್ದರೂ ಓದುವವಳು ನಾನೊಬ್ಬಳೇ ತಾನೆ.

ನಿನ್ನೆ ಶನಿವಾರ, ನಮ್ಮ ಹಳೇ ನೌಕರರ ಸಂಘದ ದಿನ. ನಗರಸಭೆಯವರು ಕಾರ್ಖಾನೆಯ ಹಳೆಯ ಕ್ಯಾಂಟೀನನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಮೇ 28ಕ್ಕೆ ಅದೇ ರೌಟನ್‌ಫೆಲ್ಡ್ ಮ್ಯೂಸಿಯಂ ಆಗಿ ತೆರೆಯುತ್ತದೆ. ನಾನು ಕಾಫಿ ಮಾಡುತ್ತೇನೆ, ಧೂಳು ಒರೆಸುತ್ತೇನೆ. ಬೇರೆ ಏನೂ ನನ್ನನ್ನು ಕೇಳುವುದಿಲ್ಲ, ಅದೊಂದು ನೆಮ್ಮದಿ. ಅಲ್ಲಿ ಹೀಟರ್ ಚೆನ್ನಾಗಿದೆ. ಒಂದು ಸಲ ಬಾಗಿಲಿನವರೆಗೆ ಬಂದವಳು ಕಾಫಿ ಯಂತ್ರ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಹೋಗಿ ನೋಡಿದೆ. ಆರಿಸಿದ್ದೆ.

ಫೆಬ್ರವರಿ 12, ಶನಿವಾರ

ಇವತ್ತು ನೋಡಿದ್ದನ್ನು ಬರೆಯದಿದ್ದರೆ ಊಟ ಸೇರುವುದಿಲ್ಲ.

ಹೆರ್ ಡೆಟ್‌ಮರ್ ಮೇಜಿನ ಮೇಲೆ ಒಂದು ರೇಡಿಯೊ ಬಿಚ್ಚಿಟ್ಟುಕೊಂಡಿದ್ದರು. ಅವರು ವಿನ್ಯಾಸ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದವರು, ಸಂಘದ ಅಧ್ಯಕ್ಷರು, ಎಪ್ಪತ್ತೊಂಬತ್ತು ವರ್ಷವಾದರೂ ಟೈ ಕಟ್ಟದೆ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಕಾಫಿ ಇಡಲು ಹೋದೆ. ಸಣ್ಣ ಚಾಕು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ. ಟ್ಯೂನಿಂಗ್ ಸುರುಳಿಗಳ ಮೇಲಿನ ಮೇಣವನ್ನು ಕೆರೆದು ಕೆರೆದು ತೆಗೆಯುತ್ತಿದ್ದರು! ಹಸಿರಿನ ಮೇಲೆ ಬಿಳಿ ಚುಕ್ಕೆ. ಅದು ಎಲ್‌ಫ್ರೀಡೆ ನೋಲ್ಟೆಯ ಗುರುತು.

ನಾವು ಇಪ್ಪತ್ತನಾಲ್ಕು ಹುಡುಗಿಯರು ಆ ಹಾಲಿನಲ್ಲಿ. ಮೀಟರಿನ ಮುಳ್ಳು ಪೂರ್ತಿ ಮೇಲೇರುವ ತನಕ ಸುರುಳಿಯ ತಿರುಪು ತಿರುಗಿಸಬೇಕು, ಆಮೇಲೆ ಅದು ಅಲ್ಲಾಡದಂತೆ ಬಿಸಿ ಮೇಣದ ಹನಿ ಹಾಕಬೇಕು. ಯಾರು ಟ್ಯೂನ್ ಮಾಡಿದರೆಂದು ತಿಳಿಯಲಿ ಎಂದು ಒಬ್ಬೊಬ್ಬಳಿಗೂ ಎರಡೆರಡು ಬಣ್ಣ, ಒಂದರ ಮೇಲೊಂದು. ನನ್ನದು ಹಳದಿ ಮೇಲೆ ಕಂದು. ರೇಡಿಯೊ ವಾಪಸ್ ಬಂದರೆ ಮೇಸ್ತ್ರಿ ಹಿಂಬದಿ ಬಿಚ್ಚಿ ಬಣ್ಣ ನೋಡಿ ನೇರ ನಮ್ಮ ಹತ್ತಿರ ಬರುತ್ತಿದ್ದ.

ನಾನು ಕಾಫಿ ಇಟ್ಟು ಬಂದೆ.

ಫೆಬ್ರವರಿ 14

ಉರ್ಸೆಲ್‌ಗೆ ಫೋನ್ ಮಾಡಿದೆ. ಅವಳು ಪ್ಯಾಕಿಂಗಿನಲ್ಲಿದ್ದವಳು, ಮೂವತ್ತು ವರ್ಷದ ಗೆಳತಿ, ಅವಳ ದನಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕು.

"ಹೇಳ್ಬಿಡೇ ಇರ್ಮಿ! ಆ ಮನುಷ್ಯ ಏನು ಪೋಪ್ ಅಂದ್ಕೊಂಡ್ಯಾ?"

"ಅವರು ಓದಿದೋರು ಕಣೆ. ನಾನು ಏಳನೇ ಕ್ಲಾಸೂ ಮುಗಿಸಿಲ್ಲ."

"ಓದಿದೋನು ಚಾಕು ಹಿಡ್ಕೊಂಡು ಕೂತಿದ್ರೆ, ಓದದೋಳು ಕೈ ಹಿಡೀಬೇಕು. ಶನಿವಾರ ಬಂದು ಹಿಡ್ಸಲಾ?"

ಬೇಡ ಎಂದೆ. ಆಲೂಗಡ್ಡೆ ಬೇಯಿಸಿ ಎರಡು ತುತ್ತು ತಿಂದು ಇಟ್ಟೆ.

ಫೆಬ್ರವರಿ 19, ಶನಿವಾರ

ಹೇಳಿದೆ.

ಚಾಕು ಕೈಗೆ ತೆಗೆದುಕೊಂಡಿದ್ದರು. ನಾನು ಎದುರಿಗೆ ನಿಂತು, ಟ್ರೇ ಹಿಡಿದುಕೊಂಡೇ, "ಹೆರ್ ಡೆಟ್‌ಮರ್, ದಯವಿಟ್ಟು ಕೆರೀಬೇಡಿ" ಎಂದೆ.

"ಫ್ರೌ ಕಾಲ್‌ವೈಟ್, ಇದು ಮ್ಯೂಸಿಯಂ, ಗುಜರಿ ಅಂಗಡಿ ಅಲ್ಲ. ಕೊಳೆ ತೆಗೀಬೇಕಲ್ವಾ?"

"ಅದು ಕೊಳೆ ಅಲ್ಲ. ಅದು... ಅದು ಕ್ರಿಸ್ಟಾ ಮೈನೆಕೆ."

ಅವರು ಕನ್ನಡಕದ ಮೇಲಿನಿಂದ ನೋಡಿದರು. ಆಮೇಲೆ ಹೇಗೆ ಹೇಳಿದೆನೋ, ಬಣ್ಣದ ವಿಷಯವನ್ನೆಲ್ಲ ಹೇಳಿಬಿಟ್ಟೆ. ನೀಲಿ ಮೇಲೆ ಕೆಂಪು ಕ್ರಿಸ್ಟಾ, ಬರೀ ಕಪ್ಪು ಎರಡು ಸಲ ಅಂದರೆ ಹೆರ್ಟಾ, ಹೀಗೆ.

ಅವರು ಚಾಕು ಕೆಳಗಿಟ್ಟರು. ಟೈ ಸಡಿಲ ಮಾಡಿಕೊಂಡರು, ಅದನ್ನು ನಾನು ಇದೇ ಮೊದಲು ನೋಡಿದ್ದು. "ಇಪ್ಪತ್ತೈದು ವರ್ಷ ನಾನು ನಕ್ಷೆ ಬರೆದೆ," ಎಂದರು. "ಎರಡನೇ ಮಹಡಿಯಿಂದ ಕೆಳಗಿಳಿದು ಬಂದು ಇದೇನು ಬಣ್ಣ ಅಂತ ಒಂದು ಸಲ ಕೇಳಲಿಲ್ಲ. ಎಷ್ಟು ರೇಡಿಯೊ ಕೆರೆದುಬಿಟ್ಟೆ ಗೊತ್ತಾ? ಒಂಬತ್ತು."

ಕಾರ್ಖಾನೆ ಮುಚ್ಚಿದಾಗ ನೌಕರರ ಕಾಗದಪತ್ರಗಳನ್ನೆಲ್ಲ ಕಸದ ಗಾಡಿಗೆ ಸುರಿದಿದ್ದರಂತೆ. ಹೆಂಗಸರ ಹೆಸರು ಎಲ್ಲೂ ಇಲ್ಲ. ಎಂಜಿನಿಯರುಗಳ ಹೆಸರು ಪೇಟೆಂಟುಗಳಲ್ಲಿದೆ, ನಮ್ಮದು ಮೇಣದಲ್ಲಿ ಮಾತ್ರ. "ನಿಮಗೆ ಎಲ್ಲಾ ಇಪ್ಪತ್ತನಾಲ್ಕೂ ನೆನಪಿದ್ರೆ ಗೋಡೆ ಮೇಲೆ ಒಂದು ಫಲಕ ಹಾಕೋಣ" ಎಂದರು.

ನೆನಪಿರಬಹುದು ಎಂದೆ. ಬಸ್ಸಿನಲ್ಲಿ ಲೆಕ್ಕ ಹಾಕಿದರೆ ಇಪ್ಪತ್ತೊಂದೇ ಬಂತು. ತಪ್ಪು ಹೆಸರು ಹೇಳಿಬಿಟ್ಟರೆ? ಗೋಡೆ ಮೇಲೆ ಬರೆದದ್ದನ್ನು ಅಳಿಸಲು ಆಗುತ್ತದೆಯೇ? ಆದರೂ ಅವರು ಬೈಯಲಿಲ್ಲ. ದೇವರ ದಯೆ.

ಮಾರ್ಚ್ 5, ಶನಿವಾರ

ಇಪ್ಪತ್ತನಾಲ್ಕೂ ಬಂತು! ಕೊನೆಯದು ಹಿಲ್ಡೆಗಾರ್ಡ್ ಟ್ಯೋಪ್ಫರ್, ಬಟಾಣಿ ಕೊಳ್ಳುವಾಗ ಅಂಗಡಿಯಲ್ಲಿ ಹೊಳೆಯಿತು. ಹಸಿರು ಮೇಲೆ ಹಸಿರು. ಕ್ಯೂನಲ್ಲಿ ನಿಂತೇ ಜೋರಾಗಿ "ಹಿಲ್ಡೆ!" ಎಂದುಬಿಟ್ಟೆ. ಮುಂದಿದ್ದವಳು ತಿರುಗಿ ನೋಡಿದಳು.

ಹೆರ್ ಡೆಟ್‌ಮರ್ ದೀಪ ಹಿಡಿದರು, ನಾನು ಒಂದೊಂದು ರೇಡಿಯೊದ ಒಳಗೆ ಇಣುಕಿ ಹೆಸರು ಹೇಳಿದೆ, ಉರ್ಸೆಲ್ ಚೀಟಿ ಅಂಟಿಸಿದಳು. ಅವಳು ಅಂಟಿಸುವಾಗಲೂ ಬಾಯಿ ಮುಚ್ಚುವುದಿಲ್ಲ. "ನಮ್ಮ ಪ್ಯಾಕಿಂಗಿನೋರ ಹೆಸರು ಎಲ್ಲಿ ಹುಡುಕ್ತೀರಿ ಡೆಟ್‌ಮರ್? ರಟ್ಟಿನ ಡಬ್ಬ ಎಲ್ಲಾ ಸುಟ್ಟೋಯ್ತು. ನನ್ನ ಹೆಸರು ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಹಾಕ್ಸಿ, ಸಾಕು."

"ಬಾಗಿಲ ಮೇಲೆ ಜಾಗ ಸಾಲಲ್ಲ, ಫ್ರೌ ಬ್ರಾಂಡ್‌ಹೋರ್ಸ್ಟ್. ನಿಮ್ಮ ದನಿಯನ್ನೇ ಅಲ್ಲಿ ನಿಲ್ಲಿಸ್ತೀವಿ" ಎಂದರು ಅವರು. ಅವರು ತಮಾಷೆ ಮಾಡುತ್ತಾರೆಂದೇ ನನಗೆ ಗೊತ್ತಿರಲಿಲ್ಲ.

ಹದಿನಾರು ರೇಡಿಯೊಗಳಿಗೆ ಹೆಸರು ಸಿಕ್ಕಿತು. ಕಾಫಿ ಇಡುವುದೇ ಮರೆತುಹೋಗಿತ್ತು. ಆಮೇಲೆ ಹೆರ್ ಡೆಟ್‌ಮರ್ ಇಟ್ಟರು. ಡಾಂಬರಿನ ಹಾಗಿತ್ತು, ಕುಡಿದೆವು.

ಮಾರ್ಚ್ 19, ಶನಿವಾರ

ಪಕ್ಕದ ಹಳ್ಳಿಯ ಒಬ್ಬ ಹೆಂಗಸು ಅತ್ತೆ ಮನೆಯ ಅಟ್ಟದಿಂದ ಒಂದು 'ಲೆರ್ಖೆ' ತಂದುಕೊಟ್ಟಳು. ಬಾನಾಡಿಯ ಹೆಸರಿಟ್ಟು ಮಾಡಿದ ನಮ್ಮ ರೇಡಿಯೊ. ಪಾಲಿಷ್ ಕೂಡ ಬಿರುಕು ಬಿಟ್ಟಿಲ್ಲ. ಹೆರ್ ಡೆಟ್‌ಮರ್ ಎರಡು ಗಂಟೆ ಕೆಲಸ ಮಾಡಿ, ಹೆದರಿಕೊಂಡೇ ವಿದ್ಯುತ್ ಕೊಟ್ಟರು. ಮೊದಲು ಮುಂಭಾಗದ ಹಸಿರು ದೀಪದ ಕಣ್ಣು ತೆರೆಯಿತು, ಆಮೇಲೆ ಹವಾಮಾನ ವರದಿ. ಕರಾವಳಿಯಲ್ಲಿ ಬಲವಾದ ಗಾಳಿಯಂತೆ. ಮೂವರೂ ಚಪ್ಪಾಳೆ ತಟ್ಟಿದೆವು. ಅಷ್ಟು ಶುದ್ಧ ದನಿ! ಅರ್ಧ ಶತಮಾನ ತಿರುಪು ಒಂದು ಕೂದಲೆಳೆ ಕದಲಿಲ್ಲ.

ಹೆರ್ ಡೆಟ್‌ಮರ್ ದೀಪ ಹಿಡಿದರು. "ಹಳದಿ ಮೇಲೆ ಕಂದು! ಫ್ರೌ ಕಾಲ್‌ವೈಟ್, ಇದು ನಿಮ್ಮದೇ. ಒಳಗೆ ಒತ್ತಿರೋ ತಾರೀಖು ಮೇ 9, 1960. ಇಡೀ ಸಂಗ್ರಹದಲ್ಲಿ ಇದಕ್ಕಿಂತ ಚೆನ್ನಾಗಿ ಟ್ಯೂನ್ ಆಗಿರೋದು ಇನ್ನೊಂದಿಲ್ಲ. ಬಾಗಿಲಿನ ಎದುರಿಗೇ ಇಡೋಣ. ಕೆಳಗೆ ನಿಮ್ಮ ಹೆಸರು."

ಉರ್ಸೆಲ್ ನನ್ನ ಬೆನ್ನಿಗೆ ಗುದ್ದಿದಳು. "ನೋಡ್ದ್ಯಾ ಮಹಾರಾಣಿ!"

ನಕ್ಕೆ. ಕೋಟು ಹಾಕಿಕೊಂಡು ಮನೆಗೆ ಬಂದೆ.

ಮಾರ್ಚ್ 20, ಭಾನುವಾರ

ಆ ರೇಡಿಯೊ ನಾನು ಟ್ಯೂನ್ ಮಾಡಿದ್ದಲ್ಲ.

ಇದನ್ನು ಯಾರಿಗೂ ಹೇಳಿಲ್ಲ, ತೀರಿಹೋದ ನನ್ನ ಗಂಡನಿಗೂ ಹೇಳಲಿಲ್ಲ. ಪುಸ್ತಕಕ್ಕೆ ಹೇಳುತ್ತೇನೆ.

ಹದಿನೈದು ತುಂಬಿ ಹದಿನಾರು ನಡೆಯುತ್ತಿದ್ದಾಗ, 1960ರ ಏಪ್ರಿಲ್ ಒಂದಕ್ಕೆ ಕೆಲಸಕ್ಕೆ ಸೇರಿದೆ. ಯುದ್ಧದ ಕೊನೆಯಲ್ಲಿ ಪೂರ್ವದಿಂದ ಓಡಿಬಂದವರು ನಾವು. ಶಿಬಿರದಿಂದ ಶಿಬಿರಕ್ಕೆ, ಹಳ್ಳಿಯಿಂದ ಹಳ್ಳಿಗೆ. ಐದು ಶಾಲೆ ಬದಲಾಯಿತು, ಎಲ್ಲ ಕಡೆ ಕೊನೆಯ ಬೆಂಚು. ಒಂದು ಶಾಲೆಯಲ್ಲಿ ದಶಾಂಶ ಇನ್ನೂ ಶುರು ಮಾಡಿರಲಿಲ್ಲ, ಮುಂದಿನದರಲ್ಲಿ ಆಗಲೇ ಮುಗಿಸಿದ್ದರು. ಹಾಗಾಗಿ ಕಾರ್ಡಿನ ಮೇಲೆ 10,7 ಎಂದು ಬರೆದಿದ್ದರೆ ಆ ದಶಾಂಶದ ಅಲ್ಪವಿರಾಮದ ಆಚೆಯ ಏಳು ಏನೆಂದು ನನಗೆ ತಿಳಿಯುತ್ತಿರಲಿಲ್ಲ. ಮೀಟರನ್ನು ಅಂದಾಜಿನಲ್ಲಿ ನೋಡುತ್ತಿದ್ದೆ. ಮೊದಲ ವಾರವೇ ಹದಿನಾಲ್ಕು ರೇಡಿಯೊ ವಾಪಸ್ ಬಂತು. ಇನ್ನೊಂದು ವಾರ ಹೀಗೇ ಆದರೆ ಮನೆಗೆ ಎಂದ ಮೇಸ್ತ್ರಿ. ಮನೆಯಲ್ಲಿ ಅಮ್ಮ ಮತ್ತು ಇಬ್ಬರು ತಮ್ಮಂದಿರು ನನ್ನ ಸಂಬಳ ಕಾಯುತ್ತಿದ್ದರು.

ಪಕ್ಕದ ಸ್ಟೂಲಿನಲ್ಲಿ ರೊಸ್ವಿತಾ ಅಹ್ಲರ್ಸ್. ಅವಳಿಗೆ ಹತ್ತೊಂಬತ್ತು. ಇಡೀ ಹಾಲಿನಲ್ಲಿ ಅವಳ ಕೈ ಎಲ್ಲರಿಗಿಂತ ವೇಗ. ಪಾಯಿಖಾನೆಯಲ್ಲಿ ಅಳುತ್ತಿದ್ದವಳನ್ನು ಎಳೆದು ತಂದು, "ಅಳೋದು ಬೆಲ್ಟ್ ನಿಂತ ಮೇಲೆ. ಕೂತ್ಕೋ, ಕೈ ಆಡಿಸ್ತಿರು, ಮೇಸ್ತ್ರಿ ನೋಡ್ತಾನೆ" ಎಂದಳು. ತನ್ನ ಪಾಲಿನದು ಮುಗಿಸಿ, ನನ್ನ ರೇಡಿಯೊಗಳನ್ನು ತನ್ನ ಕಡೆ ಜರುಗಿಸಿಕೊಂಡು ತಾನೇ ಟ್ಯೂನ್ ಮಾಡಿದಳು. ತನ್ನ ಮೇಣ ಹಾಕಿದರೆ ನನ್ನ ಎಣಿಕೆಗೆ ಬರುವುದಿಲ್ಲವಲ್ಲ, ಅದಕ್ಕೆ ನನ್ನ ಮೇಣದ ಡಬ್ಬಿಯಿಂದ ಹಳದಿ, ಕಂದು. ಒಂದು ದಿನವಲ್ಲ, ಎರಡು ತಿಂಗಳು. ಊಟದ ಬಿಡುವಿನಲ್ಲಿ ಬ್ರೆಡ್ ಸುತ್ತಿದ ಕಾಗದದ ಮೇಲೆ ಗೆರೆ ಎಳೆದು, ಗೆರೆಯನ್ನು ಹತ್ತು ತುಂಡು ಮಾಡಿ, ಅಲ್ಪವಿರಾಮದ ಆಚೆ ಏನಿರುತ್ತದೆಂದು ಕಲಿಸಿದಳು. ಯಾವ ಮೇಷ್ಟರೂ ಮಾಡದ್ದನ್ನು ಮಾಡಿದಳು. ಜೂನಿನಲ್ಲಿ ಪೆಂಟೆಕೋಸ್ಟ್ ಹಬ್ಬ ಕಳೆದ ಮೇಲಷ್ಟೇ ನಾನು ಸ್ವಂತ ಕೈಯಲ್ಲಿ ಟ್ಯೂನ್ ಮಾಡಿದ್ದು.

ಮೇ 9, ಅಂದರೆ ಹಬ್ಬಕ್ಕೆ ಮುಂಚೆ. ಅದು ಅವಳದು.

1963ರಲ್ಲಿ ಮದುವೆಯಾಗಿ ಹೋದಳು. ನಾನು ಸರಿಯಾಗಿ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಹೇಳಿದರೆ ಗುಟ್ಟು ಹೊರಬರುತ್ತದೆಂದು ಹೆದರಿದ್ದೆ.

ಈಗ ಹೇಳಿದರೆ ಏನಾಗುತ್ತದೆ? ಮೇಣ ಸುಳ್ಳು ಹೇಳುತ್ತದೆ ಎಂದು ಗೊತ್ತಾದರೆ ಹೆರ್ ಡೆಟ್‌ಮರ್ ಇಡೀ ಪಟ್ಟಿಯನ್ನೇ ನಂಬುವುದಿಲ್ಲ. ಒಬ್ಬಳ ಬಣ್ಣದಲ್ಲಿ ಇನ್ನೊಬ್ಬಳ ಕೆಲಸವಿದ್ದರೆ ಉಳಿದ ಇಪ್ಪತ್ಮೂವರದ್ದು ಯಾವ ಗ್ಯಾರಂಟಿ? ಎಲ್‌ಫ್ರೀಡೆ, ಕ್ರಿಸ್ಟಾ, ಹೆರ್ಟಾ ಎಲ್ಲರೂ ನನ್ನಿಂದ ಗೋಡೆ ಕಳೆದುಕೊಳ್ಳುತ್ತಾರೆ. ಹೇಳದಿದ್ದರೆ ರೊಸ್ವಿತಾಳ ರೇಡಿಯೊ ಕೆಳಗೆ ನನ್ನ ಹೆಸರು.

ಮಾರ್ಚ್ 26

ಹೋಗಲಿಲ್ಲ. ನೆಗಡಿ ಎಂದೆ.

ಏಪ್ರಿಲ್ 2, ಶನಿವಾರ

ಬೆಳಿಗ್ಗೆ ಬೆಣ್ಣೆ ಕೇಕ್ ಮಾಡಿಕೊಂಡು ಹೋದೆ. ಶವಸಂಸ್ಕಾರಕ್ಕೆ ಮಾಡುವ ಕೇಕು ಇದು, ಉರ್ಸೆಲ್ ನೋಡಿದ ತಕ್ಷಣ "ಯಾರು ಹೋದ್ರೇ?" ಎಂದಳು.

"ನಾನು" ಎಂದು ಕೂತುಕೊಂಡೆ. ನಿನ್ನೆಯೆಲ್ಲ ಕಲಿತಿದ್ದ ಮಾತು ಒಂದೂ ನೆನಪಾಗಲಿಲ್ಲ. ಮಧ್ಯದಿಂದ ಶುರು ಮಾಡಿ ಹಿಂದಕ್ಕೆ ಹೇಳಿದೆ. ಹದಿನಾಲ್ಕು ರೇಡಿಯೊ, ದಶಾಂಶ, ರೊಸ್ವಿತಾ, ನನ್ನ ಮೇಣದ ಡಬ್ಬಿ. ಹೆರ್ ಡೆಟ್‌ಮರ್ ಕೇಕಿನ ತುಂಡನ್ನು ತಟ್ಟೆಗೆ ವಾಪಸ್ ಇಟ್ಟರು.

ಉರ್ಸೆಲ್ ಮೊದಲು ಬಾಯಿ ಬಿಟ್ಟಳು. "ಐವತ್ತೊಂದು ವರ್ಷದ ಹಿಂದಿನ ಕಳ್ಳತನ! ಪೊಲೀಸ್‌ನ ಕರೀಲಾ, ಕೇಕ್ ತಿಂದಾದ ಮೇಲೆ ಕರೀಲಾ?"

ಹೆರ್ ಡೆಟ್‌ಮರ್ ನಗಲಿಲ್ಲ. "ಅವರದು ಅಂತ ಹೇಗೆ ತೋರಿಸ್ತೀರಿ, ಫ್ರೌ ಕಾಲ್‌ವೈಟ್? ನಾನು ನಿಮ್ಮ ಮಾತು ನಂಬ್ತೀನಿ. ನೋಡೋಕೆ ಬರೋರು ನಂಬಬೇಕಲ್ಲ."

ಆಗಲೇ ನೆನಪಾಯಿತು. ಎಷ್ಟು ದಡ್ಡಿ ನಾನು! ನಾವೆಲ್ಲ ಮೇಣದ ಹನಿ ಹಾಕಿ ಆರಲು ಬಿಡುತ್ತಿದ್ದೆವು. ಕಾಯಲು ಅವಳಿಗೆ ಪುರುಸೊತ್ತಿಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ಬಿಸಿ ಹನಿಯ ಮೇಲೇ ಒತ್ತಿ ಮುಂದಿನದಕ್ಕೆ ಹೋಗುತ್ತಿದ್ದಳು. ಸುಟ್ಟು ಸುಟ್ಟು ಅವಳ ಹೆಬ್ಬೆರಳು ಚಪ್ಪಲಿಯ ಅಟ್ಟೆಯ ಹಾಗಾಗಿತ್ತು.

"ಒತ್ತಿರುತ್ತೆ," ಎಂದೆ. "ಗುಂಡಗಿರಲ್ಲ, ಚಪ್ಪಟೆ ಇರುತ್ತೆ. ನೋಡಿ."

ಲೆರ್ಖೆಯ ಹಿಂಬದಿ ಬಿಚ್ಚಿದರು. ದೀಪ, ಆಮೇಲೆ ಭೂತಗನ್ನಡಿ. ಅವರ ಉಸಿರು ಕೇಳುತ್ತಿತ್ತು. "ಬನ್ನಿ ಇಲ್ಲಿ" ಎಂದರು. ಕಂದು ಮೇಣದ ಮೇಲೆ ಗೆರೆಗಳು, ಒಳಗೊಳಗೆ ಸುತ್ತಿದ ಗೆರೆಗಳು. ಒಂದು ಸುರುಳಿಯ ಮೇಲಲ್ಲ, ಆರೂ ಸುರುಳಿಗಳ ಮೇಲೆ. ರೊಸ್ವಿತಾಳ ಹೆಬ್ಬೆರಳು ಅಲ್ಲೇ ಇತ್ತು, ಈಗ ತಾನೆ ಎತ್ತಿದ ಹಾಗೆ.

ನಾನು ಅತ್ತೆ. ಉರ್ಸೆಲ್ ಕೂಡ ಅತ್ತಳು, ಸಾಲದ್ದಕ್ಕೆ ನನ್ನ ಕೈಗೇ ಮೂಗು ಒರೆಸಿಕೊಂಡಳು.

ಆಮೇಲೆ ರೊಸ್ವಿತಾಳ ಸ್ವಂತ ಬಣ್ಣದ ರೇಡಿಯೊ ತೆಗೆದು ನೋಡಿದೆವು. ಅದರಲ್ಲೂ ಚಪ್ಪಟೆ, ಅದೇ ಗೆರೆ. ನಾನೇ ಟ್ಯೂನ್ ಮಾಡಿದ ಆಮೇಲಿನ ವರ್ಷಗಳ ರೇಡಿಯೊದಲ್ಲಿ ಗುಂಡಗಿನ ಹನಿ. ಹೆರ್ ಡೆಟ್‌ಮರ್ ಮೂರನ್ನೂ ಫೋಟೊ ತೆಗೆದರು. "ಪಟ್ಟಿ ಹಾಳಾಗಲಿಲ್ಲ, ಇನ್ನೂ ಗಟ್ಟಿಯಾಯ್ತು. ಎಲ್ಲರದ್ದನ್ನೂ ಹೀಗೇ ನೋಡೋಣ. ಇನ್ನೆಷ್ಟು ಜನ ಯಾರ್ಯಾರನ್ನ ಉಳಿಸಿದ್ರೋ." ಕ್ಯಾಮೆರಾ ಕೆಳಗಿಟ್ಟು ಹೇಳಿದರು: "ಲೆರ್ಖೆಯ ನಕ್ಷೆ ನನ್ನದು. ಅದು ಚೆನ್ನಾಗಿ ಹಾಡುತ್ತೆ ಅಂತ ಜನ ನನ್ನನ್ನ ಹೊಗಳಿದ್ರು. ನಾನೂ ಯಾರಿಗೂ ಥ್ಯಾಂಕ್ಸ್ ಹೇಳಿಲ್ಲ."

ಕೇಕ್ ಪೂರ್ತಿ ಖಾಲಿಯಾಯಿತು.

ಏಪ್ರಿಲ್ 30, ಶನಿವಾರ

ಬರೆಯಲು ಪುರುಸೊತ್ತಾಗಿರಲಿಲ್ಲ. ಲೆರ್ಖೆಯ ಕೆಳಗಿನ ಚೀಟಿಯ ಮಾತು ನನಗೇ ಬರೆಯಲು ಹೇಳಿದರು. ಆರು ಸಲ ಹರಿದೆ. ಈಗ ಇಷ್ಟಿದೆ: 'ಟ್ಯೂನ್ ಮಾಡಿದವಳು ರೊಸ್ವಿತಾ ಅಹ್ಲರ್ಸ್, ಪಕ್ಕದ ಸ್ಟೂಲಿನ ಹುಡುಗಿಗಾಗಿ.' ಒಂದು ಪದ ಕೂಡ ತಿದ್ದುವುದಿಲ್ಲ ಎಂದರು ಹೆರ್ ಡೆಟ್‌ಮರ್. "ಪಟ್ಟೀಲಿ ಒಂದು ಕಡೆ ಬಣ್ಣ ತಪ್ಪು ಬಂದಿದೆ, ಅದನ್ನ ನೀವು ತಿದ್ದಿ" ಎಂದು ನಾನೇ ಅವರಿಗೆ ಹೇಳಬೇಕಾಯಿತು. ಹಿಲ್ಡೆಯದನ್ನು ಹಸಿರು ಮೇಲೆ ನೀಲಿ ಎಂದು ಬರೆದಿದ್ದರು.

ಈಗ ಶಿಲುಬೆಯ ಕೆಲಸ. ಫಲಕದಲ್ಲಿ ತೀರಿಹೋದವರ ಹೆಸರಿನ ಮುಂದೆ ನಮ್ಮಲ್ಲಿ ವಾಡಿಕೆಯಂತೆ ಸಣ್ಣ ಶಿಲುಬೆ ಹಾಕಬೇಕು. ಯಾರಿದ್ದಾರೆ, ಯಾರಿಲ್ಲ? ಅದನ್ನು ತಿಳಿದುಕೊಳ್ಳುವ ಜವಾಬ್ದಾರಿ ನನಗೆ. ವಾರದಲ್ಲಿ ಮೂವತ್ತೊಂದು ಕಡೆ ಫೋನ್ ಮಾಡಿದೆ. ಹೆರ್ಟಾಳ ಮಗಳು ಒಂದು ಗಂಟೆ ಮಾತಾಡಿದಳು, ಅವಳ ತಾಯಿಯ ಬಣ್ಣ ಯಾವುದೆಂದು ಕೇಳಿ ಬರೆದುಕೊಂಡಳು. ಎಲ್‌ಫ್ರೀಡೆ ಇದ್ದಾಳೆ! ಕಿವಿ ಕೇಳುವುದಿಲ್ಲ, ಆದರೆ ಉದ್ಘಾಟನೆಗೆ ಬರುತ್ತಾಳಂತೆ, ಚಕ್ರದ ಕುರ್ಚಿಗೆ ಇಳಿಜಾರು ಬೇಕು. ಬಾಗಿಲಿಗೆ ಹಲಗೆ ಹಾಕಿಸಿ ಎಂದು ಹೆರ್ ಡೆಟ್‌ಮರ್‌ಗೆ ಹೇಳಿದೆ. ಹಾಕಿಸಿದ್ದಾರೆ.

ಹದಿನಾಲ್ಕು ಶಿಲುಬೆ. ಒಂಬತ್ತು ಜನ ಇದ್ದೇವೆ. ಒಬ್ಬಳದು ತಿಳಿದಿಲ್ಲ.

ಮೇ 14, ಶನಿವಾರ

ಮುದ್ರಣದವರಿಂದ ಫಲಕದ ಕರಡು ಬಂತು. ಮೇಜಿನುದ್ದ ಹರಡಿದೆವು. ಇಪ್ಪತ್ತನಾಲ್ಕು ಹೆಸರು, ಪಕ್ಕದಲ್ಲಿ ಎರಡೆರಡು ಬಣ್ಣದ ಚುಕ್ಕೆ. ದೂರದಿಂದ ನೋಡಿದರೆ ಹೂವಿನ ಮಡಿಯ ಹಾಗಿದೆ. ಇಷ್ಟು ಚೆಂದದ ವಸ್ತುವಿನಲ್ಲಿ ನನ್ನ ಹೆಸರು ಇರುತ್ತದೆಂದು ಅಮ್ಮನಿಗೆ ಹೇಳಬೇಕಿತ್ತು.

ರೊಸ್ವಿತಾಳ ಹೆಸರಿನ ಮುಂದೆ ಶಿಲುಬೆ ಇತ್ತು.

"ಅವಳು ಹೋಗಿ ಆರೇಳು ವರ್ಷ ಆಯ್ತಂತೆ," ಎಂದಳು ಉರ್ಸೆಲ್. "ನನ್ನ ಅಣ್ಣನ ಹೆಂಡತಿ ಹೇಳಿದ್ಲು. ನಾನೇ ಡೆಟ್‌ಮರ್‌ಗೆ ಹಾಕಿ ಅಂದೆ."

"ನಿನ್ನ ಅಣ್ಣನ ಹೆಂಡ್ತಿ ಹೋದ್ವರ್ಷ ನನ್ನನ್ನೂ ಸಾಯ್ಸಿದ್ಲು" ಎಂದೆ. "ಮಾಂಸದಂಗಡಿಯೋನು ನನ್ನ ನೋಡಿ ಬೆಚ್ಚಿಬಿದ್ದಿದ್ದ."

ಹೆರ್ ಡೆಟ್‌ಮರ್ ಜೋರಾಗಿ ನಕ್ಕರು. ಸೋಮವಾರ ಅಚ್ಚಿಗೆ ಹೋಗಬೇಕು, ಇನ್ನು ಸಮಯವಿಲ್ಲ ಎಂದರು. ಸೋಮವಾರ ಬೆಳಿಗ್ಗೆ ಎಂಟರ ತನಕ ಇದೆ ಎಂದೆ ನಾನು.

ಅಹ್ಲರ್ಸ್ ಮನೆಯ ಅಳಿಯ, ಅಂದರೆ ರೊಸ್ವಿತಾಳ ಗಂಡ, ಹಾರ್ಮ್ಸ್ ಎಂದು ಹಳೆಯ ಚರ್ಚಿನ ದಾಖಲೆಯಲ್ಲಿ ಸಿಕ್ಕಿತ್ತು, ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ ಹಡಗಿನ ಕೆಲಸ. ಅಲ್ಲಿನ ಈ ವರ್ಷದ ಫೋನ್ ಪುಸ್ತಕದಲ್ಲಿ 'ಹಾರ್ಮ್ಸ್, ರೊಸ್ವಿತಾ' ಎಂದು ಒಂದೇ ಒಂದಿದೆ. ಸತ್ತವರು ಆರು ವರ್ಷ ಫೋನಿನ ಬಿಲ್ ಕಟ್ಟುತ್ತಾರೆಯೇ? ಕ್ಯಾಂಟೀನಿನಿಂದಲೇ ಮಾಡಿದೆ. ಹನ್ನೊಂದು ಸಲ ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಉರ್ಸೆಲ್ ನನ್ನ ಮುಖ ನೋಡಿದಳು. ಇದರಲ್ಲಿ ಹೆದರುವಂಥದ್ದೇನಿದೆ? ಶನಿವಾರ ಬಿಸಿಲು ಬಿದ್ದಿರುವಾಗ ಮನೆಯಲ್ಲಿ ಕೂರುವ ಹೆಂಗಸಲ್ಲ ಅವಳು. ನಾಳೆ ಮತ್ತೆ ಮಾಡುತ್ತೇನೆ. ಎತ್ತಿದರೆ ಮೊದಲು ಥ್ಯಾಂಕ್ಸ್, ಹೆಸರು ಆಮೇಲೆ ಹೇಳುತ್ತೇನೆ.

ಹೊರಡುವ ಮುಂಚೆ ಕರಡಿಗೆ ಒಂದು ಚೀಟಿ ಚುಚ್ಚಿ ಬಂದೆ. ಏನು ಬರೆದೆನೆಂದು ಮರೆಯದಿರಲೆಂದು ಇಲ್ಲೂ ಬರೆದಿಡುತ್ತೇನೆ:

'ಹೆರ್ ಡೆಟ್‌ಮರ್, ಫಲಕ ತುಂಬ ಚೆನ್ನಾಗಿದೆ, ಎಲ್ಲರ ಪರವಾಗಿ ಕೃತಜ್ಞತೆಗಳು. ಬಣ್ಣಗಳೆಲ್ಲ ಸರಿ, ಹೆಸರುಗಳೆಲ್ಲ ಸರಿ. ಹದಿನೇಳನೆಯ ಸಾಲಿನ ಶಿಲುಬೆಯೊಂದನ್ನು ಮಾತ್ರ, ಅಚ್ಚಿಗೆ ಕೊಡುವ ಮುಂಚೆ, ದಯವಿಟ್ಟು ಇನ್ನೊಮ್ಮೆ ವಿಚಾರಿಸಿ ನೋಡಿ.'